ಕುಂಡಜ್ಜ ಕುದಿಸಿದ ನಿತ್ಯಪುಷ್ಪ

ಪಕ್ಕದ ಮನೆಯ ಆಡು ಮತ್ತೆ ನುಗ್ಗಿತ್ತು!

ಕುಂಡಜ್ಜ ಬೆಳಿಗ್ಗೆ ನರ್ಸರಿಯ ತಂತಿ ಬಾಗಿಲು ತೆಗೆದವನೇ ತಲೆ ಮೇಲೆ ಕೈ ಹೊತ್ತುಕೊಂಡು ನಿಂತುಬಿಟ್ಟ. ಚೆಂಡುಹೂವಿನ ಸಸಿಗಳಿಗೆ ತಲೆಯೇ ಇಲ್ಲ. ಗುಲಾಬಿಯ ಎಳೆ ಚಿಗುರು ಒಂದೂ ಉಳಿದಿಲ್ಲ. ದಾಸವಾಳದ ಗಿಡಗಳು ಬೋಳು ಕಡ್ಡಿಗಳಾಗಿವೆ. ಇಷ್ಟೆಲ್ಲ ಮಾಡಿದ ಮಹರಾಯ ಮಾತ್ರ ಗೊಬ್ಬರದ ಮೂಟೆಯ ಮೇಲೆ ನಿಂತು, ತನಗೂ ಇದಕ್ಕೂ ಏನೂ ಸಂಬಂಧವಿಲ್ಲವೆಂಬಂತೆ ಮೆಲುಕು ಹಾಕುತ್ತಿದ್ದ.

"ಏಯ್, ನಿನ್ನ ಮನೆ ಹಾಳಾಗ!" ಎಂದು ಕುಂಡಜ್ಜ ನೀರಿನ ಪೈಪು ಹಿಡಿದು ಅಟ್ಟಿಸಿಕೊಂಡು ಹೋದ. ಆಡು ಒಂದೇ ನೆಗೆತಕ್ಕೆ ಬೇಲಿ ದಾಟಿತು.

ಬೇಲಿಯ ಆಚೆ ಆಡಿನ ಒಡತಿ ಬಟ್ಟೆ ಒಣಗಹಾಕುತ್ತಿದ್ದಳು. "ಅಯ್ಯೋ ಬಿಡಿ ಕುಂಡಜ್ಜಾ, ಮೂಕಪ್ರಾಣಿ. ಅದಕ್ಕೇನು ಗೊತ್ತಾಗುತ್ತೆ?"

"ಗೊತ್ತಾಗಲ್ವಾ? ಯಾವ ಗಿಡಕ್ಕೆ ರೇಟು ಜಾಸ್ತಿ ಅಂತ ನನಗಿಂತ ಚೆನ್ನಾಗಿ ಗೊತ್ತು ಅದಕ್ಕೆ! ದುಬಾರಿ ಸಾಲಿಂದಾನೇ ಶುರು ಮಾಡಿದೆ ನೋಡಮ್ಮ."

ಆದರೆ ಒಂದು ಸಾಲು ಮಾತ್ರ ಹೇಗಿತ್ತೋ ಹಾಗೇ ಇತ್ತು. ಗುಲಾಬಿ ಬಣ್ಣ, ಬಿಳಿ ಬಣ್ಣ, ಐದೈದು ಎಸಳಿನ ನಿತ್ಯಪುಷ್ಪ. ಎಲೆ ಕೂಡ ಹರಿದಿರಲಿಲ್ಲ. ಆಡು ಅದನ್ನು ಮೂಸಿ ನೋಡಿ ಮುಂದೆ ಹೋಗಿತ್ತು. "ಆಡು ಮುಟ್ಟಲ್ಲ, ಜಾಸ್ತಿ ನೀರು ಕೇಳಲ್ಲ, ವರ್ಷವೆಲ್ಲಾ ಹೂ ಬಿಡುತ್ತೆ, ಇನ್ನೇನು ಬೇಕು ತಗೊಳ್ಳಿ" ಎಂದು ಗಿರಾಕಿಗಳ ಮುಂದೆ ಕುಂಡಜ್ಜ ದಿನಾ ಹಾಡುವ ಹಾಡು ಸುಳ್ಳಲ್ಲ. ಆಡು ಯಾಕೆ ಮುಟ್ಟಲ್ಲ ಎಂದು ಮಾತ್ರ ಅವನು ಒಂದು ದಿನವೂ ಯೋಚಿಸಿದವನಲ್ಲ. ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕುಂಡಜ್ಜ ಅವನ ನಿಜವಾದ ಹೆಸರಲ್ಲ. ಆಳು ಗಿಡ್ಡ, ಹೊಟ್ಟೆ ದುಂಡಗೆ, ಇಡೀ ದಿನ ಹೂಕುಂಡಗಳ ನಡುವೆ ಓಡಾಟ. ಯಾರೋ ಗಿರಾಕಿ ತಮಾಷೆಗೆ ಕರೆದದ್ದು ಹಾಗೇ ಅಂಟಿಕೊಂಡಿತು. ಗಿಡದ ವಿಷಯಕ್ಕೆ ಬಂದರೆ ಅವನನ್ನು ಮೀರಿಸುವವರಿಲ್ಲ. ಮಗ ಸಾಮಾನು ಸಾಗಿಸುವ ಆಟೋದಲ್ಲಿ ಗಿಡಗಳನ್ನು ಮನೆಮನೆಗೆ ತಲುಪಿಸುತ್ತಾನೆ, ಸೊಸೆ ಕಡ್ಡಿ ನೆಡುವುದು, ಮಣ್ಣು ಹದ ಮಾಡುವುದು ನೋಡಿಕೊಳ್ಳುತ್ತಾಳೆ. ಇನ್ನು ಆ ಮನೆಯ ಯಜಮಾನಿ ಎಂದರೆ ಮೊಮ್ಮಗಳು. ಎರಡನೇ ಕ್ಲಾಸು ಓದಬೇಕಾದವಳು. ಕುಂಡಜ್ಜ ಅವಳನ್ನು ಮೊಗ್ಗು ಎಂದೇ ಕರೆಯುವುದು.

ಮೊಗ್ಗುವಿಗೆ ರಕ್ತದ ಕ್ಯಾನ್ಸರು.

ಮೊದಲ ಸಲ ಆ ಮಾತು ಕೇಳಿದ ದಿನ ಕುಂಡಜ್ಜ ಮಣ್ಣಿನ ರಾಶಿಯ ಮೇಲೆ ಕುಸಿದು ಕೂತವನು ಸಂಜೆಯವರೆಗೂ ಎದ್ದಿರಲಿಲ್ಲ. ದೊಡ್ಡಾಸ್ಪತ್ರೆಯಲ್ಲಿ ಚಿಕಿತ್ಸೆ ಶುರುವಾಯಿತು. ಮಗುವಿನ ಕೂದಲು ಉದುರಿತು, ಮುಖ ಊದಿತು, ತಿಂಗಳುಗಟ್ಟಲೆ ಹಾಸಿಗೆ ಹಿಡಿಯಿತು. ಆಮೇಲೆ ನಿಧಾನವಾಗಿ ಬಣ್ಣ ಬಂತು. ಈಗ ತಲೆ ತುಂಬ ಪುಟ್ಟ ಪುಟ್ಟ ಕೂದಲು, ಹೊಸ ಹುಲ್ಲಿನ ಹಾಗೆ. ಸಸಿಗಳ ಟ್ರೇಗಳ ನಡುವೆ ಕುಂಟಾಬಿಲ್ಲೆ ಆಡುತ್ತಾಳೆ, ಅಜ್ಜನ ಝಾರಿ ಕಸಿದುಕೊಂಡು ತಾನೇ ನೀರು ಹಾಕುತ್ತಾಳೆ. ಮನೆಯಲ್ಲಿ ದಿನಾ ಮಾತ್ರೆ, ತಿಂಗಳಿಗೊಮ್ಮೆ ಬಸ್ಸು ಹತ್ತಿ ಹೋಗಿ ರಕ್ತನಾಳಕ್ಕೆ ಇಂಜೆಕ್ಷನ್ನು. ಇನ್ನೂ ಬಹಳ ಕಾಲ ಹೀಗೇ ನಡೆಯಬೇಕು ಎಂದಿದ್ದರು ಡಾಕ್ಟರು.

ಅದೇ ಕುಂಡಜ್ಜನಿಗೆ ಬಗೆಹರಿಯದ ವಿಷಯ. ಇಂಜೆಕ್ಷನ್ ಆಗಿ ಬಂದ ಮೇಲೆ ಮೊಗ್ಗುವಿಗೆ ದವಡೆ ನೋವು, ಹೊಟ್ಟೆ ಕಟ್ಟುವುದು, ಕಾಲು ಜುಂ ಅನ್ನುವುದು. ಅವಳು ರಗ್ಗಿನೊಳಗೆ ಮುದುರಿಕೊಂಡು ಅಳುತ್ತಿದ್ದರೆ ಅಜ್ಜನ ಕರುಳು ಹಿಂಡುತ್ತಿತ್ತು.

"ಕುಣೀತಿರೋ ಮಗೂನ ಕರ್ಕೊಂಡು ಹೋಗಿ ಕಾಯಿಲೆ ಮಾಡಿಸ್ಕೊಂಡು ಬರ್ತೀರಲ್ಲಾ!" ಎಂದು ಪ್ರತಿ ಸಲವೂ ಗೊಣಗುತ್ತಿದ್ದ. ಆಡು ನುಗ್ಗಿದ ಮರುದಿನವೇ ಮತ್ತೆ ಹೋಗುವ ದಿನವಾಗಿತ್ತು.

ಸೊಸೆ ಆಗಲೇ ಶೆಡ್ಡಿನಲ್ಲಿ ಕೂತು ಗುಲಾಬಿ ಕಡ್ಡಿಗಳಿಗೆ ಬೇರಿನ ಪುಡಿ ಹಚ್ಚುತ್ತಿದ್ದಳು. ಕಡ್ಡಿಯ ತುದಿಗೆ ಈ ಪುಡಿ ಸೋಕಿಸಿ ನೆಟ್ಟರೆ ಬೇಗ ಬೇರು ಬಿಡುತ್ತದೆ. ಆಡಿನ ಮೇಲಿನ ಸಿಟ್ಟೆಲ್ಲ ಅವಳ ಮೇಲೆ ಹೋಯಿತು.

"ಮೆತ್ತಬೇಡಮ್ಮ, ಮೆತ್ತಬೇಡ! ಸೋಕಿಸಿ ಕೊಡವು ಅಂತ ಎಷ್ಟು ಸಲ ಹೇಳೋದು? ಜಾಸ್ತಿ ಆದ್ರೆ ಬುಡ ಕಪ್ಪಾಗಿ ಕೊಳೆತುಹೋಗುತ್ತೆ."

"ಕೊಡವ್ತಾನೇ ಇದೀನಿ ಮಾವ. ಆಡು ತಿಂದಿದ್ದಕ್ಕೆ ನಾನೇನು ಮಾಡ್ಲಿ?" ಎಂದು ಸೊಸೆ ನಕ್ಕಳು.

ಅಷ್ಟರಲ್ಲಿ ಬಾಗಿಲಲ್ಲಿ ಸೈಕಲ್ ಗಂಟೆ. ಆರೋಗ್ಯ ಕೇಂದ್ರದ ನರ್ಸಮ್ಮ. ಪ್ರತಿ ತಿಂಗಳೂ ಹಿಂದಿನ ದಿನ ಬಂದು, ಮಗುವಿಗೆ ಜ್ವರ ಇದೆಯಾ, ಮಾತ್ರೆ ಸರಿಯಾಗಿ ನಡೆಯುತ್ತಿದೆಯಾ ಎಂದು ನೋಡಿ, ನಾಳೆಯ ಬಸ್ಸು ನೆನಪಿಸಿ ಹೋಗುವವಳು. ಮೊಗ್ಗುವಿನ ಹಣೆ ಮುಟ್ಟಿ ನೋಡಿದಳು, ನಾಲಿಗೆ ಚಾಚಿಸಿದಳು. ತಿರುಗಿ ಹೊರಡುವಾಗ ನಿತ್ಯಪುಷ್ಪದ ಸಾಲಿನ ಮುಂದೆ ನಿಂತಳು.

"ಎಷ್ಟು ಚೆನ್ನಾಗಿ ಬೆಳೆಸಿದೀರ ಅಜ್ಜಾ! ನಿಮಗೊಂದು ವಿಷಯ ಗೊತ್ತಾ? ಮೊಗ್ಗುಗೆ ಕೊಡೋ ಇಂಜೆಕ್ಷನ್ನು ಇದೆಯಲ್ಲ, ಅದು ಬಂದಿದ್ದೇ ಈ ಗಿಡದಿಂದ."

ಕುಂಡಜ್ಜ ಕೈಲಿದ್ದ ಝಾರಿ ಕೆಳಗಿಟ್ಟ. "ಯಾವ ಗಿಡ? ಈ ಗಿಡ?"

"ಹೂಂ, ಇದೇ. ವಿನ್‌ಕ್ರಿಸ್ಟಿನ್ ಅಂತ ಅದರ ಹೆಸರು. ಇದರ ಎಲೇಲೇ ಇರೋದು. ಹಿಂದೆ ಈ ಕಾಯಿಲೆ ಬಂದ್ರೆ ಮಕ್ಕಳು ಉಳೀತಾನೇ ಇರ್ಲಿಲ್ಲ. ಈ ಔಷಧಿ, ಜೊತೆಗೆ ಇನ್ನೊಂದಿಷ್ಟು ಔಷಧಿ ಬಂದ ಮೇಲೆ, ಪೂರ್ತಿ ಚಿಕಿತ್ಸೆ ತಗೊಂಡೋರಲ್ಲಿ ಹೆಚ್ಚಿನ ಮಕ್ಕಳು ಗುಣ ಆಗ್ತಿದಾರೆ. ನೋಡಿ, ಹಿತ್ತಲಲ್ಲಿ ಸುಮ್ಮನೆ ಬೆಳೆಯೋ ಗಿಡ! ಆದ್ರೆ ಅಜ್ಜಾ..."

ಆದ್ರೆ ಎನ್ನುವಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಯಾರಿಗೋ ಹೆರಿಗೆ ನೋವು. "ಬಂದೆ ಬಂದೆ" ಎನ್ನುತ್ತಾ ನರ್ಸಮ್ಮ ಸೈಕಲ್ ಹತ್ತಿ ಹೊರಟೇಬಿಟ್ಟಳು. ಮಾತಿನ ಅರ್ಧ ಕುಂಡಜ್ಜನ ಕಿವಿಯಲ್ಲಿ ಉಳಿಯಿತು, ಉಳಿದರ್ಧ ಸೈಕಲ್ಲಿನ ಜೊತೆ ಹೋಯಿತು.

ಕುಂಡಜ್ಜ ಆ ಹೂಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. ಎಷ್ಟು ವರ್ಷದಿಂದ ಬೆಳೆಸುತ್ತಿದ್ದಾನೆ ಈ ಗಿಡವನ್ನು! ಗೋಡೆಯ ಬಿರುಕಿನಲ್ಲಿ ಹುಟ್ಟಿದ್ದನ್ನು ಕಿತ್ತು ತಂದು ಕುಂಡಕ್ಕೆ ಹಾಕಿ ಮಾರಿದ್ದಾನೆ. ಬೇರೆ ಗಿಡ ಕೊಂಡವರಿಗೆ ಇದನ್ನು ಬಿಟ್ಟಿ ಕೊಟ್ಟಿದ್ದಾನೆ. ಅಂಥದರಲ್ಲಿ ಮೊಗ್ಗುವಿನ ಪ್ರಾಣ ಇದೆಯಂತೆ! ಅವನ ಕಣ್ಣು ಒದ್ದೆಯಾಯಿತು. ಹೆಮ್ಮೆಯೋ ಹೆಮ್ಮೆ. ಅದರ ಹಿಂದೆಯೇ ಒಂದು ಯೋಚನೆ ಬಂತು ನೋಡಿ, ಅದು ಬರಬಾರದಿತ್ತು.

"ನೋಡಮ್ಮ, ನಾಳೆ ಬಸ್ಸು ಬೇಡ" ಎಂದ ಶೆಡ್ಡಿಗೆ ಬಂದು.

"ಯಾಕೆ ಮಾವ?"

"ಔಷಧಿ ನಮ್ಮ ಹಿತ್ತಲಲ್ಲೇ ಟ್ರೇಗಟ್ಟಲೆ ಬಿದ್ದಿದೆ. ಅವರು ಎಲ್ಲಿಂದಲೋ ತಂದ ಒಣಗಿದ ಎಲೆಯಿಂದ ಮಾಡಿದ್ದು, ಚುಚ್ಚಿ ಅಳಿಸೋದು. ನಮ್ಮದು ತಾಜಾ. ಕುದಿಸಿ ಕುಡಿಸಿದ್ರೆ ಆಯ್ತಪ್ಪ."

ಸೊಸೆ ಕಡ್ಡಿ ಕೆಳಗಿಟ್ಟು ಎದ್ದು ನಿಂತಳು. "ಮಾವ, ನೀವು ಗಿಡದ ಡಾಕ್ಟ್ರು. ಒಪ್ತೀನಿ. ಮಗೂನ ಡಾಕ್ಟ್ರು ಬೇರೆ ಇದಾರೆ."

"ಅವಳೀಗ ಹುಷಾರಾಗಿದಾಳೆ ಕಣಮ್ಮ! ಕೂದಲು ಬಂತು, ಊಟ ಸೇರ್ತಿದೆ. ಇನ್ನೂ ಯಾಕೆ ಚುಚ್ಚಿಸ್ಬೇಕು? ನೀನು ಹೆತ್ತ ತಾಯಿ, ನಿನಗಾದ್ರೂ ಪಾಪ ಅನ್ಸಲ್ವಾ?"

ಆ ಮಾತು ಸೊಸೆಗೆ ನಾಟಿತು. ಆಸ್ಪತ್ರೆಯಲ್ಲಿ ಮಗುವಿನ ಕೈ ಹಿಡಿದುಕೊಂಡು ಕೂರುವವಳು ಅವಳೇ. ಮತ್ತೆ ಕಡ್ಡಿ ಎತ್ತಿಕೊಂಡಳು. ಕುಂಡಜ್ಜನಿಗೂ ಕಸಿವಿಸಿಯಾಯಿತು. ಆದರೆ ಹಿಡಿದ ಹಟ ಬಿಡುವ ಪೈಕಿಯೇ ಅವನು?

ಒಂದು ಮಾತು ಹೇಳಲೇಬೇಕು. ಕುಂಡಜ್ಜ ದುಡುಕುವವನು, ಆದರೆ ಕೇಡಿಗನಲ್ಲ. ಅವನ ನರ್ಸರಿಯಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಹೊಸ ಔಷಧಿ ಏನೇ ಬರಲಿ, ಮೊದಲು ಒಂದೇ ಒಂದು ಗಿಡಕ್ಕೆ ಹೊಡೆದು ನೋಡಬೇಕು. ಆ ಗಿಡ ಬಾಡದಿದ್ದರೆ ಮಾತ್ರ ಉಳಿದ ಸಸಿಗಳಿಗೆ. ಅದರಲ್ಲೂ ಎಳೆ ಸಸಿಗೆ ಹೊಡೆಯುವ ಮೊದಲು ಬಲಿತ ಗಿಡಕ್ಕೆ ಹೊಡೆಯಬೇಕು. ಈಗ ಎಳೆ ಸಸಿ ಮೊಗ್ಗು. ಹಾಗಾದರೆ ಮನೆಯಲ್ಲಿ ಬಲಿತ ಗಿಡ ಯಾವುದು? ತಾನೇ!

ಸೊಸೆ ನೆರಳುಬಲೆಯ ಆಚೆ ನೀರು ಬಿಡುತ್ತಿದ್ದಾಗ ಅಜ್ಜ ಅಡುಗೆಮನೆ ಸೇರಿದ. ಬೊಗಸೆ ಬೊಗಸೆ ಎಲೆ ಪಾತ್ರೆಗೆ ಬಿತ್ತು. ನೀರು ಕೊತಕೊತ ಕುದಿದು ಕಂದುಹಸಿರಾಯಿತು. ಮೊಗ್ಗು ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ನಿಂತಿದ್ದಳು.

"ಇದೇನಜ್ಜ, ಇಷ್ಟು ಕೆಟ್ಟ ವಾಸನೆ?"

"ನಿನ್ನ ಇಂಜೆಕ್ಷನ್ ಕಣೇ. ಸೂಜಿ ಇಲ್ಲದ್ದು! ಮೊದಲು ನಾನು ಕುಡೀತೀನಿ. ಸಂಜೆವರೆಗೂ ನನಗೇನೂ ಆಗ್ಲಿಲ್ಲ ಅಂದ್ರೆ ಆಮೇಲೆ ನೀನು ಕುಡಿ. ನಾಳೆ ಬಸ್ಸೂ ಇಲ್ಲ, ಸೂಜೀನೂ ಇಲ್ಲ. ಅಮ್ಮಂಗೆ ಹೇಳ್ಬೇಡ."

ಸೂಜಿ ಇಲ್ಲ ಎಂದರೆ ಯಾವ ಮಗು ಬೇಡ ಅನ್ನುತ್ತದೆ? ಮೊಗ್ಗು ತನ್ನ ಪುಟ್ಟ ಲೋಟ ತಾನೇ ತಂದುಕೊಟ್ಟಳು. ಅಜ್ಜ ಅದಕ್ಕೆ ಸೋಸಿ, ಮೇಲೆ ತಟ್ಟೆ ಮುಚ್ಚಿ ಕಿಟಕಿಯ ಕಟ್ಟೆಯ ಮೇಲಿಟ್ಟ. ತನ್ನ ದೊಡ್ಡ ಲೋಟ ಎತ್ತಿ ಗಟಗಟ ಕುಡಿದ. ಕಹಿ ಎಂದರೆ ಎಂಥ ಕಹಿ! ಮುಖ ಕಿವುಚಿಕೊಂಡು, "ಅಬ್ಬಬ್ಬಾ, ಇಷ್ಟು ಕಹಿ ಇದೆ ಅಂದ್ರೆ ಒಳ್ಳೇ ಔಷಧೀನೇ" ಎಂದ. ಖಾಲಿ ಹೊಟ್ಟೆಯಲ್ಲಿದ್ದರೆ ಚೆನ್ನಾಗಿ ಹಿಡಿಯುತ್ತದೆಂದು ಮಧ್ಯಾಹ್ನದ ಊಟವನ್ನೂ ಬಿಟ್ಟ. ಬೆಳಿಗ್ಗೆ ತಾನು ನುಂಗಿದ್ದ ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಅವನಿಗೆ ನೆನಪೇ ಇರಲಿಲ್ಲ.

ಬಿಸಿಲು ಇಳಿಯತೊಡಗಿತು. ಕುಂಡಜ್ಜ ಝಾರಿ ಹಿಡಿದು ಸಾಲಿನಿಂದ ಸಾಲಿಗೆ ನಡೆಯುತ್ತಿದ್ದ. ಮೊಗ್ಗು ಹಿಂದೆಯೇ ಬರುತ್ತಿದ್ದಳು, ಅಜ್ಜನಿಗೆ ಏನಾದರೂ ಆಗುತ್ತದೋ ಇಲ್ಲವೋ ಎಂದು ನೋಡಲು. ಅವಳಿಗದು ಆಟ.

"ಅಜ್ಜಾ, ನೀರು ದಾರಿಗೆ ಹಾಕ್ತಿದೀಯ."

ಕುಂಡಜ್ಜ ಕೆಳಗೆ ನೋಡಿದ. ಹೌದು, ಟ್ರೇ ಒಂದು ಕಡೆ, ನೀರು ಒಂದು ಕಡೆ. ಕೈ ಗಡಗಡ ನಡುಗುತ್ತಿತ್ತು. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಗೊಬ್ಬರದ ಮೂಟೆಯನ್ನು ಹಿಡಿದುಕೊಳ್ಳಲು ಹೋಗಿ ಅದರ ಪಕ್ಕಕ್ಕೆ ಜಾರಿ ಕೂತ. ಬಾಯಿ ತೆರೆದರೆ ಮಾತು ತೊದಲುತ್ತಿತ್ತು.

"ಅಮ್ಮಾ! ಅಜ್ಜ ಬಿದ್ರು!" ಮೊಗ್ಗು ಕೂಗಿಕೊಂಡಳು. ಕೂಗಿದವಳು ಅಲ್ಲಿ ನಿಲ್ಲಲಿಲ್ಲ. ಒಳಗೆ ಓಡಿದಳು. ಬರುವಾಗ ಎರಡೂ ಕೈಯಲ್ಲಿ ತನ್ನ ಪುಟ್ಟ ಲೋಟ ಹಿಡಿದಿದ್ದಳು. ಒಂದು ಹನಿ ಚೆಲ್ಲದ ಹಾಗೆ, ಜೋಪಾನವಾಗಿ.

"ಅಜ್ಜಾ, ನನ್ನ ಔಷಧಿ ನೀನೇ ಕುಡಿ. ಸರಿಹೋಗ್ತೀಯ. ನಂಗೆ ಬೇಡ, ನಾನು ಸೂಜಿ ಹಾಕಿಸ್ಕೊಳ್ತೀನಿ."

ಕುಂಡಜ್ಜನ ತಲೆ ಗಿರಗಿರ ತಿರುಗುತ್ತಿತ್ತು. ಆದರೂ ಆ ಲೋಟ ಅವನಿಗೆ ಸ್ಪಷ್ಟವಾಗಿ ಕಂಡಿತು. ಬಲಿತ ಗಿಡವೇ ಬಾಡಿ ಬಿದ್ದಿದೆ. ಇದನ್ನು ಎಳೆ ಸಸಿ ಕುಡಿದಿದ್ದರೆ? ಇದ್ದಬದ್ದ ಶಕ್ತಿಯೆಲ್ಲ ಸೇರಿಸಿ ಕೈ ಬೀಸಿದ. ಲೋಟ ಹಾರಿ ಜಲ್ಲಿಯ ಮೇಲೆ ಬಿತ್ತು, ಕಷಾಯ ಮಣ್ಣುಪಾಲಾಯಿತು. ಅಜ್ಜ ತನಗೆ ಹೊಡೆಯಲು ಬಂದನೆಂದು ಮೊಗ್ಗು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಸಮಾಧಾನ ಹೇಳಲು ಅವನ ಬಾಯಿ ಏಳಲಿಲ್ಲ.

ಓಡಿ ಬಂದ ಸೊಸೆ ಮಾವನ ಬೆವರು, ನಡುಕ ನೋಡಿದವಳೇ ಸಕ್ಕರೆ ನೀರು ಕದಡಿ ತಂದು, ಅವನು ನುಂಗುತ್ತಿದ್ದಾನೆಯೇ ಎಂದು ನೋಡಿಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ಅಷ್ಟರಲ್ಲಿ ಗಂಡನ ಆಟೋ ಬಾಗಿಲಿಗೆ ಬಂತು. ಮೊಗ್ಗುವನ್ನು ಆಡಿನ ಒಡತಿಯ ಹತ್ತಿರ ಬಿಟ್ಟು, ಗಿಡಗಳ ಜಾಗದಲ್ಲಿ ಕುಂಡಜ್ಜನನ್ನು ಮಲಗಿಸಿಕೊಂಡು ಆರೋಗ್ಯ ಕೇಂದ್ರಕ್ಕೆ ಓಡಿಸಿದರು.

ಅಲ್ಲಿ ಬೆರಳಿಗೆ ಸೂಜಿ ಚುಚ್ಚಿ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಡಾಕ್ಟರು ಗ್ಲೂಕೋಸ್ ಹಾಕಿಸಿ, ಸಂಜೆ ಕಳೆಯುವವರೆಗೆ ಇಲ್ಲೇ ಇರಲಿ, ಮತ್ತೆ ಇಳಿಯಬಹುದು ಎಂದರು. ಹೆರಿಗೆ ಮುಗಿಸಿ ಬಂದ ನರ್ಸಮ್ಮ ಮಂಚದಲ್ಲಿ ಕುಂಡಜ್ಜನನ್ನು ಕಂಡು ದಂಗಾದಳು.

"ಏನಜ್ಜಾ ಇದು? ಬೆಳಿಗ್ಗೆ ಕಲ್ಲುಗುಂಡಿನ ಹಾಗಿದ್ರಿ!"

"ನಿನ್ನ ಔಷಧೀನೇ ಕುಡ್ದೆ ತಾಯಿ" ಎಂದ ಕುಂಡಜ್ಜ ಮೆಲ್ಲಗೆ. ಮೊಗ್ಗುವಿನ ಬಾಯಿಂದ ಕೇಳಿದ್ದನ್ನೆಲ್ಲ ಸೊಸೆ ಹೇಳಿದಳು.

ನರ್ಸಮ್ಮ ಸ್ಟೂಲು ಎಳೆದುಕೊಂಡು ಕೂತಳು. "ಅಯ್ಯೋ, ಅರ್ಧ ಮಾತು ಹೇಳಿ ಓಡಿದ್ನಲ್ಲ, ನನ್ನ ಬುದ್ಧಿಗಿಷ್ಟು! ಅಜ್ಜಾ, ಒಂದು ಕೇಳ್ತೀನಿ. ನಿಮ್ಮ ಬೇಲಿ ಹಾರೋ ಆಡು ಆ ಗಿಡ ಯಾಕೆ ತಿನ್ನಲ್ಲ?"

ಕುಂಡಜ್ಜ ಮುಖ ಕಿವುಚಿದ. "ಕಹಿ..."

"ಕಹಿ ಅಷ್ಟೇ ಅಲ್ಲ, ವಿಷ. ತನ್ನನ್ನ ಯಾರೂ ತಿನ್ನಬಾರದು ಅಂತ ಗಿಡ ಎಲೇಲಿ ತುಂಬ್ಕೊಂಡಿರೋದು. ನೂರಕ್ಕೂ ಹೆಚ್ಚು ಬಗೆಯ ಸತ್ವ ಇವೆ ಅದರಲ್ಲಿ. ಒಂದು ಸಕ್ಕರೆ ಇಳಿಸುತ್ತೆ, ಒಂದು ಬಿ.ಪಿ. ಇಳಿಸುತ್ತೆ, ಇನ್ನೊಂದು ರಕ್ತ ಹುಟ್ಟೋದನ್ನೇ ಕಮ್ಮಿ ಮಾಡುತ್ತೆ. ನಿಮ್ಮ ಮಾತ್ರೆ ಮೊದಲೇ ಸಕ್ಕರೆ ಇಳಿಸ್ತಿತ್ತು, ಊಟಾನೂ ಬಿಟ್ರಿ, ಮೇಲೆ ಇದು ಬೇರೆ. ಇನ್ನೇನಾಗುತ್ತೆ?"

"ಹಾಗಾದ್ರೆ ಮಗೂಗೆ ಕೊಡೋದು ವಿಷಾನಾ?" ಕುಂಡಜ್ಜ ಏಳಲು ಹೋದ.

"ಮಲಗಿ ಮಲಗಿ! ಆ ನೂರರಲ್ಲಿ ಒಂದನ್ನ ಮಾತ್ರ ಬೇರೆ ಮಾಡಿದಾರೆ ಅಜ್ಜಾ. ಲಾರಿ ತುಂಬ ಒಣಗಿದ ಎಲೆ ಹಾಕಿದ್ರೆ ಸಿಗೋದು ಒಂದು ಚಿಟಿಕೆ. ಒಂದೇ ಚಿಟಿಕೆ! ಅದನ್ನ ಹುಡುಕಿದೋರ ಕೈ ಎಷ್ಟು ನಾಜೂಕು ಇರ್ಬೇಕು ಯೋಚನೆ ಮಾಡಿ. ಮೊಗ್ಗು ಮೈಯಲ್ಲಿ ಕೆಟ್ಟ ರಕ್ತದ ಕಣ ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಹಾಗೆ ಎರಡಾಗೋಕೆ ಒಳಗೆ ಸಣ್ಣ ದಾರಗಳು ಬೇಕು. ಈ ಔಷಧಿ ಹೋಗಿ ಆ ದಾರ ಹೆಣೆಯೋದನ್ನೇ ತಡೆಯುತ್ತೆ. ಕಣ ಎರಡಾಗೋಕಾಗ್ದೆ ಅಲ್ಲೇ ಸಾಯುತ್ತೆ."

ಕುಂಡಜ್ಜ ಉಸಿರು ಬಿಗಿಹಿಡಿದು ಕೇಳುತ್ತಿದ್ದ. "ಅಬ್ಬಾ! ಅಷ್ಟು ಸಣ್ಣ ಜಾಗಕ್ಕೆ ಹೋಗುತ್ತಾ ಅದು?"

"ಹೋಗುತ್ತೆ. ಆದ್ರೆ ರಕ್ತನಾಳದ ಮೂಲಕಾನೇ ಹೋಗ್ಬೇಕು. ಹೊಟ್ಟೆಗೆ ಕುಡಿದ್ರೆ ಅದು ನೆಟ್ಟಗೆ ರಕ್ತ ಸೇರಲ್ಲ. ಅಳತೆ ಕಮ್ಮಿ ಆದ್ರೆ ಕಾಯಿಲೆ ಉಳಿಯುತ್ತೆ, ಜಾಸ್ತಿ ಆದ್ರೆ ಮಗೂಗೇ ಅಪಾಯ. ಕಾಲು ಜುಂ ಅನ್ನೋದು, ದವಡೆ ನೋವು, ಎಲ್ಲಾ ಆ ಔಷಧಿ ನೋವು, ಸ್ಪರ್ಶ ತಿಳಿಸೋ ನರಗಳಿಗೂ ಸ್ವಲ್ಪ ತಾಗೋದ್ರಿಂದ. ಅದನ್ನ ಡಾಕ್ಟ್ರ ಹತ್ರ ಹೇಳ್ಬೇಕು. ಅಳತೆ ಸರಿ ಮಾಡ್ತಾರೆ, ಹೊಟ್ಟೆ ಕಟ್ಟದ ಹಾಗೆ ಬೇರೆ ಔಷಧಿ ಕೊಡ್ತಾರೆ. ಚಿಕಿತ್ಸೆ ಬಿಟ್ಟುಬಿಡೋದಲ್ಲ."

ಸೊಸೆ ಇಷ್ಟು ಹೊತ್ತೂ ಗೋಡೆಗೆ ಒರಗಿ ನಿಂತಿದ್ದಳು. ಈಗ ಮಂಚದ ಹತ್ತಿರ ಬಂದಳು.

"ಮಾವ, ಬೇರಿನ ಪುಡಿ ಮೆತ್ತಬೇಡ, ಕೊಳೆಯುತ್ತೆ ಅಂತ ದಿನಾ ಬೈತೀರಲ್ಲ. ಅದೇ ಪುಡಿ, ಅದೇ ಕಡ್ಡಿ, ಅಳತೆ ಮಾತ್ರ ಬೇರೆ. ಒಂದು ಕಡ್ಡಿಗೆ ಅಷ್ಟು ಯೋಚನೆ ಮಾಡೋರು, ಮೊಗ್ಗುಗೆ ಬೊಗಸೆಗಟ್ಟಲೆ ಸೊಪ್ಪು ಕುದಿಸಿದ್ರಲ್ಲಾ."

ಕುಂಡಜ್ಜ ಮುಖ ಆಚೆ ತಿರುಗಿಸಿದ. ಕಣ್ಣಿನ ಅಂಚಿನಿಂದ ನೀರು ಇಳಿದು ದಿಂಬಿಗೆ ಹೋಯಿತು. "ತಪ್ಪಾಯ್ತು ಕಣಮ್ಮ" ಎಂದ. ಸೊಸೆ ಸೆರಗಿನಲ್ಲಿ ತನ್ನ ಮುಖ ಒರೆಸಿಕೊಂಡಳು.

ನರ್ಸಮ್ಮ ಏಳುವಷ್ಟರಲ್ಲಿ ಅವನು ಮತ್ತೆ ಬಾಯಿ ಬಿಟ್ಟ. ಅನುಮಾನದ ಪ್ರಾಣಿ, ಪೂರ್ತಿ ಬಿಡುತ್ತದೆಯೇ? "ಆದ್ರೂ ತಾಯಿ, ಮಗು ಈಗ ಹುಷಾರಾಗಿದೆಯಲ್ಲ. ರಕ್ತದಲ್ಲಿ ಕೆಟ್ಟ ಕಣ ಕಾಣ್ತಿಲ್ಲ ಅಂತ ಅವರೇ ಹೇಳಿದ್ರು. ಮತ್ಯಾಕೆ?"

"ನಿಮ್ಮ ಟ್ರೇಲಿ ಜೇಕು ಹುಟ್ಟಿದ್ರೆ ಏನು ಮಾಡ್ತೀರ?"

ಜೇಕು ಎಂದರೆ ಗಡ್ಡೆ ಬಿಡುವ ಕಳೆ. ನರ್ಸರಿಯವರ ಪರಮಶತ್ರು. ಕುಂಡಜ್ಜ ಮಲಗಿದ್ದಲ್ಲೇ ಹುಬ್ಬು ಗಂಟಿಕ್ಕಿದ. "ಮೇಲೆ ಕಿತ್ತರೆ ಏನೂ ಪ್ರಯೋಜನ ಇಲ್ಲ. ಒಳಗೆ ಗಡ್ಡೆ ಇರುತ್ತೆ. ಮಣ್ಣು ಚೊಕ್ಕಟವಾಗಿ ಕಾಣುತ್ತೆ, ಬೆನ್ನು ತಿರುಗಿಸೋದೇ ತಡ, ಮೊದಲಿನ ಎರಡರಷ್ಟು ಬರುತ್ತೆ. ಬಿಡದೆ ಮತ್ತೆ ಮತ್ತೆ ಕೀಳ್ತಾನೇ ಇರ್ಬೇಕು..." ಅಲ್ಲಿಗೆ ನಿಲ್ಲಿಸಿದ. ನರ್ಸಮ್ಮನ ಮುಖ ನೋಡಿದ.

"ನೀವೇ ಹೇಳಿದ್ರಲ್ಲ ಅಜ್ಜಾ, ಕಣ್ಣಿಗೆ ಕಾಣದ ಕಣಾನೂ ಹಾಗೇ" ಎಂದಳು ಅವಳು.

ರಾತ್ರಿ ಮನೆಗೆ ಬಂದಾಗ ಮೊಗ್ಗು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದಳು. ಕುಂಡಜ್ಜ ಅವಳ ಪಕ್ಕ ನೆಲದ ಮೇಲೆ ಕೂತು, "ನಾನು ನಿನ್ನ ಹೊಡೆಯೋಕೆ ಬಂದಿದ್ದಲ್ಲ ಕಣೇ ಪುಟ್ಟಿ. ಲೋಟ ಹೊಡೆದಿದ್ದು. ಅದು ಔಷಧಿ ಆಗಿರ್ಲಿಲ್ಲ" ಎಂದ.

"ನೀನೇ ಔಷಧಿ ಅಂದಿದ್ದೆ."

"ನಾನು ಪೆದ್ದ."

ಮೊಗ್ಗು ಒಂದು ಗಳಿಗೆ ಯೋಚಿಸಿ, "ಹೂಂ" ಎಂದು ಒಪ್ಪಿಕೊಂಡು ಅವನ ಮಡಿಲೇರಿದಳು. "ಹಾಗಾದ್ರೆ ನಾಳೆ ಸೂಜಿನಾ?"

"ಸೂಜೀನೇ. ಆದ್ರೆ ಈ ಸಲ ನಾನೂ ಬರ್ತೀನಿ."

ಕುಂಡಜ್ಜ ಅದುವರೆಗೆ ಒಂದು ಸಲವೂ ಮಗುವಿನ ಜೊತೆ ಆಸ್ಪತ್ರೆಗೆ ಹೋದವನಲ್ಲ. ಗಿಡಗಳಿಗೆ ನೀರು ಹಾಕುವವರು ಯಾರು ಎಂದು ನೆಪ ಹೇಳುತ್ತಿದ್ದ. ನಿಜ ಹೇಳಬೇಕೆಂದರೆ ಹೆದರಿಕೆ. ಮರುದಿನ ನೀರು ಹಾಕುವ ಕೆಲಸ ಮಗನಿಗೆ ಬಿದ್ದಿತು. ಕುಂಡಜ್ಜ ಒಗೆದ ಅಂಗಿ ಹಾಕಿಕೊಂಡು, ಬೆಳಗಿನ ತಿಂಡಿ ತಪ್ಪದೆ ತಿಂದು, ಮೊಗ್ಗುವಿನ ಕೈ ಹಿಡಿದು ಬಸ್ಸು ಹತ್ತಿದ.

ಆಸ್ಪತ್ರೆಯಲ್ಲಿ ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಮೊದಲು ಮಗುವಿನ ತೂಕ, ಆಮೇಲೆ ಎತ್ತರ. ರಕ್ತ ತೆಗೆದು ಪರೀಕ್ಷೆ. ಡಾಕ್ಟರು ಮೊಗ್ಗುವನ್ನು ಹಿಮ್ಮಡಿಯ ಮೇಲೆ ನಡೆಸಿದರು, ಮಂಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಕುಂಡಜ್ಜ ತಾನೇ ಮುಂದೆ ಬಂದು, "ಡಾಕ್ಟ್ರೇ, ಹೋದ ಸಲ ಕಾಲು ಜುಂ ಅಂತಿತ್ತು, ದವಡೆ ನೋಯ್ತಿತ್ತು, ಹೊಟ್ಟೆ ಕಟ್ಟಿತ್ತು" ಎಂದು ಒಂದೂ ಬಿಡದೆ ಹೇಳಿದ. ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡು, ಹೊಟ್ಟೆ ಸಡಿಲವಾಗಲು ಒಂದು ಔಷಧಿ ಸೇರಿಸಿದರು. ಇಷ್ಟೆಲ್ಲ ಆದ ಮೇಲೇ ಇವತ್ತಿಗೆ ಎಷ್ಟು ಕೊಡಬೇಕೆಂಬ ಅಳತೆ. ಅದನ್ನು ಒಬ್ಬರು ನೋಡಿ, ಇನ್ನೊಬ್ಬರು ಮತ್ತೆ ನೋಡಿ, ಆಮೇಲೆ ತಂದರು.

ಕುಂಡಜ್ಜ ಗುಲಾಬಿ ಬಣ್ಣದ್ದೋ ಹಸಿರು ಬಣ್ಣದ್ದೋ ಏನೋ ಬರುತ್ತದೆಂದು ಕಾದಿದ್ದ. ಬಂದದ್ದು ಅಂಗೈಯಗಲದ ಒಂದು ಪುಟ್ಟ ಚೀಲ. ಒಳಗೆ ನೀರಿನಷ್ಟೇ ತಿಳಿ. ವಾಸನೆ ಇಲ್ಲ, ಬಣ್ಣವಿಲ್ಲ. ಅದು ಹನಿ ಹನಿಯಾಗಿ ಮೊಗ್ಗುವಿನ ಕೈಗೆ ಇಳಿಯತೊಡಗಿತು.

ಅವನು ಬಗ್ಗಿ, ಕನ್ನಡಕ ಸರಿಮಾಡಿಕೊಂಡು ಅದನ್ನೇ ನೋಡಿದ.

"ಓಹೋ, ನೀನಾ!" ಎಂದ.

ಮೊಗ್ಗು ಕಿಸಕ್ಕನೆ ನಕ್ಕಳು. "ಅಮ್ಮಾ, ನೋಡಮ್ಮ, ಅಜ್ಜ ನೀರಿನ ಜೊತೆ ಮಾತಾಡ್ತಿದಾರೆ!"

"ನೀರಲ್ಲ ಕಣೇ. ನಮ್ಮ ಹಿತ್ತಲಿನೋಳು. ಪರಿಚಯದೋಳು. ಎಷ್ಟು ವರ್ಷದಿಂದ ನನ್ನ ಕಣ್ಮುಂದೇನೇ ಇದ್ಲು, ನನಗೇ ಗೊತ್ತಿರ್ಲಿಲ್ಲ ಇವಳು ಇಂಥ ಗಟ್ಟಿಗಿತ್ತಿ ಅಂತ!"

ನಗುತ್ತಿದ್ದ ಮೊಗ್ಗುವಿಗೆ ಸೂಜಿ ಚುಚ್ಚಿದ ನೋವು ಅವತ್ತು ನೆನಪಾಗಲೇ ಇಲ್ಲ.

ಅಲ್ಲಿಂದಾಚೆ ಒಂದು ತಿಂಗಳೂ ಬಸ್ಸು ತಪ್ಪಲಿಲ್ಲ. ಕಷ್ಟದ ದಿನಗಳೂ ಬಂದವು. ಜ್ವರ ಬಂದು ಅಡ್ಮಿಟ್ ಮಾಡಬೇಕಾಯಿತು, ರಕ್ತ ಕಮ್ಮಿಯಾಗಿ ಕಾಯಬೇಕಾಯಿತು. ಕುಂಡಜ್ಜ ಗೊಣಗಿದ, ಅತ್ತ, ಆದರೆ ಬಸ್ಸು ಹತ್ತಿದ. ಕೊನೆಯ ಇಂಜೆಕ್ಷನ್ ಆದ ದಿನ ಅವನು ವಾರ್ಡಿನಲ್ಲಿದ್ದ ನರ್ಸುಗಳಿಗೆಲ್ಲ ಒಂದೊಂದು ಕುಂಡ ಕೊಂಡೊಯ್ದ. ಯಾವ ಗಿಡ ಎಂದು ಬೇರೆ ಹೇಳಬೇಕೆ? ಈಗ ಮೊಗ್ಗುವಿಗೆ ಜಡೆ ಹಾಕುವಷ್ಟು ಕೂದಲಿದೆ. ತಪಾಸಣೆಗೆ ಆಗಾಗ ಹೋಗಿಬರುತ್ತಾಳೆ, ಉಳಿದ ದಿನ ಶಾಲೆಗೆ.

ಮೊನ್ನೆ ಆಡಿನ ಒಡತಿ ಬೇಲಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಕುಂಡಜ್ಜಾ, ಆ ನಿತ್ಯಪುಷ್ಪ ಸಕ್ಕರೆ ಕಾಯಿಲೆಗೂ ಆಗುತ್ತಂತೆ. ದಿನಾ ನಾಲ್ಕೆಲೆ ಅಗೀಲಾ ಅಂತ..."

"ಅಗಿಯೋಕೆ ಮುಂಚೆ ನಿನ್ನ ಆಡನ್ನ ಒಂದ್ಮಾತು ಕೇಳಮ್ಮ!" ಎಂದು ಕುಂಡಜ್ಜ ಗದರಿದ. "ಗಿಡ ಬೇಕಾ, ತಗೊಂಡು ಹೋಗಿ ಬಾಗಿಲಲ್ಲಿಡು, ಕಣ್ತುಂಬ ನೋಡು. ಬಾಯಿಗೆ ಮಾತ್ರ ಹಾಕ್ಬೇಡ. ಸಕ್ಕರೆಗೆ ಡಾಕ್ಟ್ರು ಕೊಟ್ಟ ಮಾತ್ರೆ ಇದೆಯಲ್ಲ, ಅದನ್ನ ನುಂಗು."

ಈಗ ಗಿರಾಕಿಗಳ ಮುಂದೆ ಅವನು ಹಾಡುವ ಹಾಡಿಗೆ ಹೊಸ ಸಾಲು ಸೇರಿದೆ. "ಆಡು ಮುಟ್ಟಲ್ಲ, ಜಾಸ್ತಿ ನೀರು ಕೇಳಲ್ಲ, ವರ್ಷವೆಲ್ಲಾ ಹೂ ಬಿಡುತ್ತೆ. ಎಷ್ಟೋ ಮಕ್ಕಳನ್ನ ಉಳಿಸಿದ ಗಿಡ ಇದು. ಆದ್ರೆ ಉಳಿಸೋದು ಆಸ್ಪತ್ರೇಲಿ, ನಿಮ್ಮ ಅಡುಗೆಮನೇಲಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹಿತ್ತಲಲ್ಲೂ ಈ ಹೂ ಇರಬಹುದು. ಕೀಳಬೇಡಿ, ಹೆದರಬೇಡಿ, ಹೆಮ್ಮೆಯಿಂದ ಬೆಳೆಸಿ. ಅದರ ಎಲೆ, ಬೇರು ಕುದಿಸಿ ಕುಡಿಯಬೇಡಿ, ಮಕ್ಕಳಿಗೆ ಕುಡಿಸಬೇಡಿ. ಯಾವುದೇ ಸೊಪ್ಪು, ಬೇರು, ಪುಡಿಯನ್ನು ಔಷಧಿ ಎಂದು ತೆಗೆದುಕೊಳ್ಳುವ ಮೊದಲು, ಅದರಲ್ಲೂ ನೀವು ಬೇರೆ ಮಾತ್ರೆ ನುಂಗುತ್ತಿದ್ದರೆ, ಡಾಕ್ಟರನ್ನೋ ನಿಮ್ಮೂರಿನ ನರ್ಸಮ್ಮನನ್ನೋ ಕೇಳಿ. ಅವರು ಅರ್ಧ ಹೇಳಿ ಓಡಿದರೆ ಸೈಕಲ್ ಹಿಡಿದು ನಿಲ್ಲಿಸಿ ಪೂರ್ತಿ ಕೇಳಿಸಿಕೊಳ್ಳಿ.

ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗು ಇದ್ದರೆ, ಅದು ಹುಷಾರಾಗಿ ಕಂಡಿತೆಂದು ನಡುವೆ ನಿಲ್ಲಿಸಬೇಡಿ. ತೊಂದರೆ ಆದರೆ ಡಾಕ್ಟರಿಗೆ ಹೇಳಿ. ಕೊನೆಯ ಇಂಜೆಕ್ಷನ್ನಿನವರೆಗೂ ಬಸ್ಸು ಹತ್ತಿ. ಆಸ್ಪತ್ರೆಯಲ್ಲಿ ಆ ತಿಳಿನೀರಿನ ಚೀಲ ಕಂಡರೆ ಹಿತ್ತಲಿನ ಹೂವನ್ನು ಒಮ್ಮೆ ನೆನೆಯಿರಿ. ಮಗುವಿನ ಕೈ ಮಾತ್ರ ಬಿಡಬೇಡಿ.